ಎಣಿಸದೆ ಬಿಟ್ಟ ಚೌಕಗಳು

ಕೊಯಮತ್ತೂರಿನ ಬಳಿಯ ಸೋಮನೂರಿನ ನೇಕಾರರ ಬೀದಿಯಲ್ಲಿ ಕೃಷ್ಣಸಾಮಿಯ ಕಣ್ಣಿಗೆ ದೊಡ್ಡ ಹೆಸರಿತ್ತು. ಎರಡು ಸಾವಿರಕ್ಕೂ ಮಿಕ್ಕ ಎಳೆಗಳ ಹಾಸಿನಲ್ಲಿ ಒಂದೇ ಒಂದು ಎಳೆ ಕಡಿದಿದ್ದರೂ ಅವನು ಮಗ್ಗದ ಗುಂಡಿಗೆ ಇಳಿಯುವ ಮೊದಲೇ, ನಿಂತಲ್ಲಿಂದಲೇ ಬೆರಳು ಮಾಡಿ ತೋರಿಸುತ್ತಿದ್ದ. ಯಾರದಾದರೂ ಸೀರೆಯಲ್ಲಿ ಎಲ್ಲೋ ತಪ್ಪಿದೆ, ಎಲ್ಲೆಂದು ತಿಳಿಯುತ್ತಿಲ್ಲ ಎಂದಾಗ ಅವನಿಗೆ ಕರೆ ಬರುತ್ತಿತ್ತು. ಆದರೆ ಎಂಬತ್ತರ ದಶಕ ಕಾಲಿಡುವ ಹೊತ್ತಿಗೆ ಕೈಮಗ್ಗಗಳು ಒಂದೊಂದಾಗಿ ನಿಂತವು. ಬೀದಿಯ ಎರಡೂ ಬದಿ ತಗಡಿನ ಶೆಡ್ಡುಗಳೆದ್ದು, ಅವುಗಳಲ್ಲಿ ಪವರ್‌ಲೂಮುಗಳು ಹಗಲೆಲ್ಲ ಬಡಿದುಕೊಳ್ಳತೊಡಗಿದವು. ಆ ಯಂತ್ರಗಳಿಗೆ ಅಷ್ಟೊಂದು ಒಳ್ಳೆಯ ಕಣ್ಣು ಬೇಕಿರಲಿಲ್ಲ. ನಲವತ್ತನಾಲ್ಕರ ಕೃಷ್ಣಸಾಮಿ ತಮ್ಮನ ಶೆಡ್ಡಿನಲ್ಲಿ ನೂಲು ಸುತ್ತುತ್ತಾ, ಯಾರಾದರೂ ಕೈಮಗ್ಗದ ಕೆಲಸ ಹೇಳಿದರೆ ಮಾಡುತ್ತಾ ದಿನ ದೂಡುತ್ತಿದ್ದ.

ಎಂಬತ್ತನಾಲ್ಕರ ಬೇಸಿಗೆಯಲ್ಲಿ ಅಂಥ ಒಂದು ಕೆಲಸ ಹೇಳಲು ಬಂದವಳು ವಿಜಯಕುಮಾರಿ. ಹಿರಿಯೂರು ಕಡೆಯ ಹೆಂಗಸು, ಮೂವತ್ತರ ಆಸುಪಾಸು, ಕೊಯಮತ್ತೂರಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಆಕೆಗೆ ಸಣ್ಣ ಸಣ್ಣ ಚೀಲಗಳಿಗೆ ಬಟ್ಟೆ ಬೇಕಿತ್ತು. ಗಾಳಿಯಾಡಬೇಕು, ಆದರೆ ಬೆರಳಷ್ಟು ಪ್ರಾಣಿಯೂ ನುಸುಳಿ ಹೋಗಬಾರದು. ತಡವರಿಸುವ ತಮಿಳಿನಲ್ಲಿ ಇದನ್ನೆಲ್ಲ ವಿವರಿಸುತ್ತಿದ್ದವಳು, ಒಳಗಿನಿಂದ ಕೃಷ್ಣಸಾಮಿಯ ಹೆಂಡತಿ ಲಕ್ಷ್ಮಿಯಮ್ಮಾಳ್ "ಯಾರು ಬಂದಿರೋದು, ನೀರು ಕುಡೀತಾರಾ ಕೇಳಿ" ಎಂದದ್ದು ಕಿವಿಗೆ ಬಿದ್ದು ಥಟ್ಟನೆ ನಿಲ್ಲಿಸಿದಳು.

"ನೀವು ಕನ್ನಡದವರಾ?"

"ಆಮಾ ಅಮ್ಮಾ. ಮನೇಲಿ ನಮ್ದು ಕನ್ನಡನೇ. ಎಳುತ್ತು ಮಾತ್ರ ಗೊತ್ತಿಲ್ಲ, ಓದೋದು ಬರಿಯೋದು ಎಲ್ಲಾ ತಮಿಳು," ಎಂದ ಕೃಷ್ಣಸಾಮಿ. "ಈ ಪೈ, ಈ ಚೀಲ ಯಾತಕ್ಕೆ ನಿಮ್ಗೆ?"

"ಹಲ್ಲಿ ಹಿಡಿದು ಇಟ್ಟುಕೊಳ್ಳೋದಕ್ಕೆ."

ಲಕ್ಷ್ಮಿಯಮ್ಮಾಳ್ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಕ್ಕೆ ಹೋದಳು. ವಿಜಯಕುಮಾರಿಯೂ ನಕ್ಕಳು. "ಅಳೆದು ನೋಡಿ ಮತ್ತೆ ಅಲ್ಲೇ ಬಿಟ್ಟುಬಿಡ್ತೀನಿ, ಹೆದರಬೇಡಿ."

"ಅದೋ, ಅದನ್ನಾ?" ಎಂದು ಕೃಷ್ಣಸಾಮಿ ಆಕೆಯ ಬೆನ್ನ ಹಿಂದಿನ ಬೇವಿನ ಮರ ತೋರಿಸಿದ. ಆಕೆ ತಿರುಗಿ ನೋಡಿದಳು. ಬರೀ ತೊಗಟೆ. ಹತ್ತಿರ ಹೋಗಿ, ಅರ್ಧ ನಿಮಿಷ ದಿಟ್ಟಿಸಿದ ಮೇಲೆ, ತೊಗಟೆಯದೇ ಬಣ್ಣದ ಓತಿಕ್ಯಾತವೊಂದು ತಲೆ ಕೆಳಗಾಗಿ ಅಂಟಿಕೊಂಡಿರುವುದು ಕಂಡಿತು. ಆಕೆ ಮರವನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಚೀಲದ ಮಾತು ಅಲ್ಲಿಗೆ ಮುಗಿದು, ಬೇರೆ ಮಾತು ಶುರುವಾಯಿತು.

ಆನೆಮಲೆಯ ಮೇಲೆ, ವಾಲ್ಪಾರೈ ಸುತ್ತಮುತ್ತ, ಚಹಾ ತೋಟಗಳ ನಡುವೆ ಹಳೆಯ ಮಳೆಕಾಡು ತುಂಡು ತುಂಡಾಗಿ ಉಳಿದಿದೆ. ದೂರದಿಂದ ನೋಡಿದರೆ ಎಲ್ಲ ತುಂಡುಗಳೂ ಒಂದೇ ಹಸಿರು. ಯಾವುದು ಚೆನ್ನಾಗಿದೆ, ಯಾವುದು ಒಳಗೊಳಗೇ ಸಾಯುತ್ತಿದೆ ಎಂದು ಮರ ನೋಡಿ ಹೇಳಲು ಹತ್ತಿಪ್ಪತ್ತು ವರ್ಷ ಬೇಕು. ಆದರೆ ನೆಲದ ಮೇಲಿನ ಹಲ್ಲಿಗಳು ಬೇಗ ಹೇಳುತ್ತವೆ ಎನ್ನುವುದು ವಿಜಯಕುಮಾರಿಯ ನಂಬಿಕೆ. ಕೊಳೆತ ಎಲೆಗಳ ಕೆಳಗೆ ಬೆರಳುದ್ದದ ಹಾವುರಾಣಿಗಳಿರುತ್ತವೆ. ಕೃಷ್ಣಸಾಮಿಯ ಭಾಷೆಯಲ್ಲಿ ಅರಣೆ. ಅವಕ್ಕೆ ನೆರಳು ಬೇಕು, ತೇವ ಬೇಕು. ಮೇಲೆ ನಾಲ್ಕು ಮರ ಹೋಗಿ ಬಿಸಿಲು ಇಳಿದರೆ ಎಲೆ ಒಣಗುತ್ತದೆ, ಅರಣೆ ಕಾಣೆಯಾಗುತ್ತದೆ. ಅವುಗಳ ಜಾಗಕ್ಕೆ ಬಯಲಿನ ಓತಿಕ್ಯಾತ, ಇವರು ಓಣಾನ್ ಎನ್ನುವ ಕೆಂಪು ಗಂಟಲಿನ ಪ್ರಾಣಿ, ತಲೆಯಾಡಿಸುತ್ತಾ ಬಂದು ಕೂರುತ್ತದೆ.

"ಕಾಡಿಗೆ ಜ್ವರ ಬಂದರೆ ಮೊದಲು ಗೊತ್ತಾಗೋದು ಇವುಗಳಿಗೆ," ಎಂದಳು ವಿಜಯಕುಮಾರಿ. "ನನಗೆ ಎಣಿಸೋದಕ್ಕೆ ಒಂದು ಜೊತೆ ಕಣ್ಣು ಬೇಕು. ಬರ್ತೀರಾ?"

ಆ ವರ್ಷದ ಕಾರ್ತಿಕ ಕಳೆದ ಮೇಲೆ ಕೃಷ್ಣಸಾಮಿ ಪೊಳ್ಳಾಚಿಯಲ್ಲಿ ಬಸ್ಸು ಬದಲಿಸಿ, ನಲವತ್ತು ತಿರುವುಗಳ ಘಾಟಿ ಹತ್ತಿ, ಎರಡು ಬಾರಿ ವಾಂತಿ ಮಾಡಿಕೊಂಡು ಮಲೆಗೆ ಬಂದ. ತೋಟದ ಕೂಲಿ ಲೈನಿನಲ್ಲಿ ಬಾಡಿಗೆಗೆ ಹಿಡಿದಿದ್ದ ಎರಡು ಕೋಣೆ. ಒಂದರಲ್ಲಿ ಆಕೆ ಮತ್ತು ಅಡುಗೆ ಮಾಡಿಕೊಡುತ್ತಿದ್ದ ನಾಚಿಯಮ್ಮ, ಇನ್ನೊಂದರಲ್ಲಿ ಇವನು. ಮೂರು ತುಂಡು ಕಾಡು, ಒಂದೊಂದರಲ್ಲೂ ಮೂವತ್ತು ಚೌಕ. ಐದು ಮೀಟರಿಗೆ ಐದು ಮೀಟರು ಹಗ್ಗ ಕಟ್ಟಿ, ಅಂಚಿನಿಂದ ಒಳಕ್ಕೆ ಮಂಡಿಯೂರಿ ತೆವಳುತ್ತಾ ಒಂದೊಂದೇ ಎಲೆ ಎತ್ತಿ ನೋಡಬೇಕು. ಕಂಡದ್ದನ್ನು ನೋಟುಬುಕ್ಕಿನಲ್ಲಿ ಗುರುತು ಹಾಕಬೇಕು. ಅವನು ತಮಿಳಕ್ಷರದಲ್ಲಿ ಅರಣೆಗೆ 'ಅ', ಓಣಾನಿಗೆ 'ಓ' ಬರೆಯುತ್ತಿದ್ದ.

ಆ ಕೆಲಸ ಅವನಿಗೆ ಒಗ್ಗಿತು. ಮಗ್ಗ ನಿಂತ ಮೇಲೆ ಮೊದಲ ಬಾರಿ ಅವನ ಕಣ್ಣಿಗೆ ಮರ್ಯಾದೆ ಸಿಕ್ಕಿತ್ತು. ಎಲೆಯ ಅಂಚು ಅಲುಗಿದ್ದು ಗಾಳಿಗೋ ಬಾಲಕ್ಕೋ ಎಂದು ಅವನು ಎತ್ತುವ ಮೊದಲೇ ಹೇಳುತ್ತಿದ್ದ. ಎಂಬತ್ತೈದರ ಫೆಬ್ರವರಿಯಲ್ಲಿ ಎಣಿಕೆ ಮುಗಿದಾಗ ಮೂರನೇ ತುಂಡೇ ಎಲ್ಲಕ್ಕಿಂತ ಮೇಲಾಗಿತ್ತು. ಅದರ ಮೂವತ್ತು ಚೌಕಗಳಲ್ಲಿ ತೊಂಬತ್ತನಾಲ್ಕು ಅರಣೆ, ಒಂದೂ ಓಣಾನ್ ಇಲ್ಲ.

ಏಪ್ರಿಲಿನಲ್ಲಿ ತೋಟದವರು ಚಹಾ ಒಣಗಿಸುವ ಒಲೆಗೆಂದು ಆ ತುಂಡಿನಿಂದ ಹತ್ತೋ ಹನ್ನೆರಡೋ ಮರ ತೆಗೆದರೆಂದು ಸುದ್ದಿ ಬಂತು. ವಿಜಯಕುಮಾರಿಗೆ ನೋವೂ ಆಯಿತು, ಕುತೂಹಲವೂ ಆಯಿತು. "ಮಳೆಗಾಲದ ಎಣಿಕೆ ಈಗ ಬಹಳ ಮುಖ್ಯ ಕೃಷ್ಣಸ್ವಾಮಿ. ನಾನು ಹೇಳ್ತಿರೋದು ನಿಜವೋ ಸುಳ್ಳೋ ಅದರಲ್ಲಿ ಗೊತ್ತಾಗುತ್ತೆ." ಜೂನಿನಲ್ಲಿ ಇಬ್ಬರೂ ಸೇರಿ ಮೊದಲ ಎರಡು ತುಂಡು ಮುಗಿಸಿದರು. ಮೂರನೆಯದು ಶುರುವಾಗುವ ಮುನ್ನಾದಿನ ಹಿರಿಯೂರಿನಿಂದ ತಂತಿ ಬಂತು. ಆಕೆಯ ತಾಯಿಗೆ ತೀರ ಹುಷಾರಿಲ್ಲ.

ಬಸ್ಸು ಹತ್ತುವಾಗ ಆಕೆ ನೋಟುಬುಕ್ಕನ್ನು ಅವನ ಕೈಗಿತ್ತಳು. "ಇನ್ಯಾರಾದರೂ ಆಗಿದ್ದರೆ ನಿಲ್ಲಿಸಿಬಿಡ್ತಿದ್ದೆ. ನೀವಿದ್ದೀರಲ್ಲ."

"ನೀವು ಹೋಗ್ಬನ್ನಿ ಅಮ್ಮಾ. ಮುಡಿಸಿ ವೆಚ್ಚಿರ್ತೀನಿ," ಮುಗಿಸಿಟ್ಟಿರುತ್ತೇನೆ ಎಂದು ಅವನು ಅರ್ಧ ತಮಿಳಿನಲ್ಲಿ ಭರವಸೆ ಕೊಟ್ಟ. ಆ ಹೊತ್ತಿನಲ್ಲಿ ಅವನು ಹೇಳಿದ್ದು ಮನಸ್ಸಿನಿಂದಲೇ.

ಜುಲೈ ಮಳೆ ಮಲೆಯ ಮೇಲೆ ಸುರಿಯುವ ಪರಿ ಬಯಲಿನವರಿಗೆ ತಿಳಿಯದು. ಐದು ದಿನ ಕೃಷ್ಣಸಾಮಿ ಗೋಣಿಕೊಪ್ಪೆ ಹಾಕಿಕೊಂಡು ಹಳ್ಳ ದಾಟಿ ಮೂರನೇ ತುಂಡಿಗೆ ಹೋದ. ಕಾಲಿಗೆ ಸುಣ್ಣ ಹೊಗೆಸೊಪ್ಪು ಬಳಿದುಕೊಂಡರೂ ಜಿಗಣೆಗಳು ಹೊಟ್ಟೆಯ ತನಕ ಏರುತ್ತಿದ್ದವು. ಮಂಡಿಯೂರಿದರೆ ಕೆಸರು, ತಲೆ ಎತ್ತಿದರೆ ಕಣ್ಣಿಗೇ ನೀರು. ಐದು ದಿನದಲ್ಲಿ ಏಳು ಚೌಕ ಮುಗಿಯಿತು. ಏಳರಲ್ಲಿ ಸಿಕ್ಕಿದ್ದು ಆರೇ ಆರು ಅರಣೆ.

ಹಿಂದಿನ ಬಾರಿ ಇದೇ ಏಳು ಚೌಕಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಕ್ಕಿತ್ತು. ಅವನು ನೋಟುಬುಕ್ಕಿನ ಮುಂದೆ ಕೂತು ಯೋಚಿಸಿದ. ಮಳೆಗೆ ಕಣ್ಣು ಮಂಜಾಗಿ ತಾನೇ ಬಿಟ್ಟಿರಬೇಕು. ಅಮ್ಮ ಬಂದು ನೋಡಿದರೆ ಏನೆಂದುಕೊಂಡಾರು? ಬಗ್ಗಿ ನೋಡಲಿಲ್ಲ, ಸೋಮಾರಿತನ ಮಾಡಿದ ಎಂದುಕೊಂಡಾರು. ಸೋಮನೂರಿನ ಬೀದಿಯಲ್ಲಿ ಯಾರೂ ಅವನ ಕಣ್ಣಿನ ಬಗ್ಗೆ ಹಾಗೆ ಹೇಳಿರಲಿಲ್ಲ. ಅವನು ಪೆನ್ಸಿಲ್ಲಿನಿಂದ ಒಂದರ ಪಕ್ಕ ಇನ್ನೆರಡು 'ಅ' ಸೇರಿಸಿದ. ಆಮೇಲೆ ಇನ್ನೊಂದು ಪುಟದಲ್ಲಿ ಮೂರು. ಹಾಗೇ ಏಳೂ ಪುಟಗಳಲ್ಲಿ.

ಆರನೇ ದಿನ ಜ್ವರ ಬಂತು. ಅದು ನಿಜವಾದ ಜ್ವರ. ಮೂರು ದಿನ ನಾಚಿಯಮ್ಮ ಗಂಜಿ ಕಾಯಿಸಿ ಕೊಟ್ಟಳು. ನಾಲ್ಕನೇ ದಿನ ಮೈ ತಣ್ಣಗಾಗಿತ್ತು, ಕಾಲಲ್ಲಿ ಬಲವೂ ಬಂದಿತ್ತು. ಗೋಣಿಕೊಪ್ಪೆ ಎತ್ತಿಕೊಂಡು ಹೊರಟವನು ಲೈನಿನ ತುದಿಯಲ್ಲಿದ್ದ ಪಳನಿಸಾಮಿಯ ಚಹಾ ಅಂಗಡಿಯ ತನಕ ಹೋಗಿ, ಮಳೆ ಸ್ವಲ್ಪ ಇಳಿಯಲಿ ಎಂದು ಬೆಂಚಿನ ಮೇಲೆ ಕೂತ. ಒಲೆಯ ಬಿಸಿ ಬೆನ್ನಿಗೆ ಹಿತವಾಗಿತ್ತು. ಮಳೆ ಇಳಿಯಲಿಲ್ಲ. ಮರುದಿನವೂ ಹಾಗೇ. ಅದರ ಮರುದಿನ ಗೋಣಿಕೊಪ್ಪೆಯನ್ನು ಮನೆಯಲ್ಲೇ ಬಿಟ್ಟು ಬಂದ.

ಅಲ್ಲಿ ಕೂತಿದ್ದಾಗ ಒಂದು ಮಧ್ಯಾಹ್ನ ಹಳ್ಳದ ಆಚೆಯಿಂದ ಗರಗಸದ ಸದ್ದು ಕೇಳಿಸಿತು. ಇಬ್ಬರು ಎಳೆಯುವ ದೊಡ್ಡ ಗರಗಸ; ಎಳೆದೆಳೆದು ನಿಂತು, ಮತ್ತೆ ಎಳೆಯುವ ಸದ್ದು.

"ಎನ್ನ ಸತ್ತಂ ಅದು?" ಏನು ಸದ್ದು ಅದು ಎಂದು ಕೇಳಿದ.

"ಗಾಳಿಗೆ ಬಿದ್ದ ಮರವಂತೆ, ಕೊಯ್ಯುತ್ತಿದ್ದಾರೆ," ಎಂದು ಪಳನಿಸಾಮಿ ತಮಿಳಿನಲ್ಲಿ ಹೇಳಿ, ಗ್ಲಾಸು ತೊಳೆಯುವುದನ್ನು ಮುಂದುವರಿಸಿದ.

ಹತ್ತು ನಿಮಿಷ ನಡೆದರೆ ಆ ಜಾಗ. ಹೋಗಿ ನೋಡಬಹುದಿತ್ತು. ಕೃಷ್ಣಸಾಮಿ ಇನ್ನೊಂದು ಚಹಾ ಹೇಳಿದ. ಸದ್ದು ಆ ವಾರವೆಲ್ಲ ಕೇಳುತ್ತಲೇ ಇತ್ತು. ಗಾಳಿಗೆ ಅಷ್ಟು ಮರ ಬೀಳುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು.

ಉಳಿದ ಇಪ್ಪತ್ತಮೂರು ಚೌಕಗಳನ್ನು ಅವನು ಕೋಣೆಯಲ್ಲಿ ಕೂತು ತುಂಬಿದ. ಫೆಬ್ರವರಿಯ ಪುಟಗಳನ್ನು ಎದುರಿಗಿಟ್ಟುಕೊಂಡ, ಆದರೆ ಹಾಗೇ ನಕಲು ಮಾಡಲಿಲ್ಲ. ಒಂದು ಕಡೆ ಮೂರಿದ್ದದ್ದನ್ನು ಎರಡು ಮಾಡಿದ, ಇನ್ನೊಂದು ಕಡೆ ಐದು ಮಾಡಿದ, ಅಲ್ಲಲ್ಲಿ ಒಂದು ಚೌಕ ಖಾಲಿ ಬಿಟ್ಟ. ಒಂದು ಪುಟಕ್ಕೆ ಬೇಕೆಂದೇ ಮಳೆಹನಿ ತಾಗಿಸಿ ಅಕ್ಷರ ಹರಡುವಂತೆ ಮಾಡಿದ. ಇಪ್ಪತ್ತೈದು ವರ್ಷ ಸೀರೆಯಂಚಿನ ಹೂ ನೇಯ್ದವನಿಗೆ, ಒಂದೇ ಹೂವನ್ನು ಕಣ್ಣಿಗೆ ಬೇಸರವಾಗದ ಹಾಗೆ ಮತ್ತೆ ಮತ್ತೆ ತರುವುದು ಹೇಗೆಂದು ಯಾರೂ ಕಲಿಸಬೇಕಿರಲಿಲ್ಲ. ಮುಗಿದಾಗ ಒಟ್ಟು ತೊಂಬತ್ತೊಂದು ಬಂತು. ನೋಟುಬುಕ್ಕನ್ನು ದೂರ ಹಿಡಿದು ನೋಡಿ, ಚೆನ್ನಾಗಿ ಬಂದಿದೆ ಎಂದುಕೊಂಡ. ಆಮೇಲಿನ ವರ್ಷಗಳಲ್ಲಿ ಅವನನ್ನು ಎಲ್ಲಕ್ಕಿಂತ ಹೆಚ್ಚು ಕುಗ್ಗಿಸಿದ್ದು ಸುಳ್ಳು ಬರೆದದ್ದಲ್ಲ, ಆ ಒಂದು ಕ್ಷಣದ ಹೆಮ್ಮೆ.

ಆಗಸ್ಟಿನಲ್ಲಿ ವಿಜಯಕುಮಾರಿ ಹಿಂತಿರುಗಿದಳು. ಮುಖ ಬಾಡಿ, ಕಣ್ಣು ಒಳಸೇರಿ ಹೋಗಿತ್ತು. "ಅಮ್ಮ ಹೋದರು," ಎಂದಷ್ಟೇ ಹೇಳಿದಳು. ಚಹಾ ಕುಡಿದು ನೋಟುಬುಕ್ಕು ಕೇಳಿದಳು. ಪುಟ ತಿರುಗಿಸುತ್ತಾ ತಿರುಗಿಸುತ್ತಾ ಆಕೆಯ ಕಣ್ಣಲ್ಲಿ ನೀರು ತುಂಬಿತು.

"ಇಂಥ ಮಳೆಯಲ್ಲೂ ಒಂದು ಚೌಕ ಬಿಟ್ಟಿಲ್ಲ ನೀವು."

ಹೇಳುವುದಾದರೆ ಆಗಲೇ ಹೇಳಬೇಕಿತ್ತು. ತಾಯಿ ಸತ್ತು ಬಂದವಳಿಗೆ ಈಗ ಹೇಗೆ ಹೇಳುವುದು ಎಂದು ಅವನು ಸುಮ್ಮನಾದ. ಅದು ಕರುಣೆ ಎಂದೇ ತನಗೆ ತಾನು ಹೇಳಿಕೊಂಡ. ಆಕೆ ಹಿರಿಯೂರಿನಿಂದ ತಂದಿದ್ದ ಹುರಿಗಡಲೆ ಉಂಡೆಗಳ ಡಬ್ಬಿಯನ್ನು ಲಕ್ಷ್ಮಿಯಮ್ಮಾಳ್‌ಗೆ ಎಂದು ಅವನ ಕೈಗಿಟ್ಟಳು.

ಎಣಿಕೆಯ ಫಲ ಆಕೆಗೇ ಅಚ್ಚರಿ ತಂದಿತ್ತು. ಮರ ಹೋದರೂ ಅರಣೆಗಳು ಹಾಗೇ ಇವೆ. ಅಕ್ಟೋಬರಿನಲ್ಲಿ ತೋಟದವರು ಆ ತುಂಡಿನಿಂದ ಇನ್ನಷ್ಟು ಮರ ತೆಗೆಯಲು ಅರ್ಜಿ ಹಾಕಿದಾಗ, ಅದನ್ನು ನೋಡುವ ಕಚೇರಿಯವರು ವಿಜಯಕುಮಾರಿಯ ಅಭಿಪ್ರಾಯ ಕೇಳಿದರು. ಆಕೆ ಕಂಡದ್ದನ್ನೇ ಬರೆದಳು: ಬೇಸಿಗೆಯಲ್ಲಿ ಮರ ತೆಗೆದ ಮೇಲೂ ನೆಲದ ಹಲ್ಲಿಗಳ ಸಂಖ್ಯೆ ಕುಗ್ಗಿಲ್ಲ. ಅಷ್ಟು ಸಾಲು ಅವರಿಗೆ ಸಾಕಾಯಿತು. ಅನುಮತಿ ಸಿಕ್ಕಿತು.

ಡಿಸೆಂಬರಿನಲ್ಲಿ ಆಕೆಯ ವರದಿ ಅಚ್ಚಾಗಿ ಬಂತು. ಒಂದು ಪ್ರತಿಯನ್ನು ಕೃಷ್ಣಸಾಮಿಯ ಮನೆಗೇ ಕಳಿಸಿದ್ದಳು. ಅವನ ಮಗಳು ಸಾಂತಿ ಆಗ ಹತ್ತನೇ ತರಗತಿ. ಇಂಗ್ಲಿಷಿನಲ್ಲಿ ಅಪ್ಪನ ಹೆಸರು ಇದ್ದ ಸಾಲನ್ನು ಹುಡುಕಿ, ಜಗಲಿಯಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದಳು. "'ಈ ಕೆಲಸದ ಕಣ್ಣುಗಳು ಸೋಮನೂರಿನ ಶ್ರೀ ಕೃಷ್ಣಸಾಮಿಯವರವು. ಸುರಿವ ಮಳೆಯಲ್ಲಿ ಒಬ್ಬರೇ ಮೂವತ್ತು ಚೌಕ ಎಣಿಸಿದರು.' ಅಪ್ಪಾ, ಸ್ರೀ ಅಂತ ಹಾಕವ್ರೆ ನಿಂಗೆ!"

ತಮ್ಮನೂ ಶೆಡ್ಡಿನಿಂದ ಎದ್ದು ಬಂದ. ಪಕ್ಕದ ಮನೆಯ ರಾಮಾತಾಳ್ ಬಂದಳು. ಯಾರೋ ಕಾಫಿ ತರಿಸಿದರು. ಕೃಷ್ಣಸಾಮಿಗೆ ಕೂರಲೂ ಆಗಲಿಲ್ಲ, ಎದ್ದು ಹೋಗಲೂ ಆಗಲಿಲ್ಲ. "ಸಾಕು ಬಿಡು ಮಗಾ, ಒಳಕ್ಕೆ ಎತ್ತಿಡು," ಎಂದ. ಎಲ್ಲರೂ ಅದನ್ನು ವಿನಯವೆಂದುಕೊಂಡರು. ಸಾಂತಿ ಮಾತ್ರ ಆ ಪುಟವನ್ನು ಮತ್ತೊಮ್ಮೆ ಓದಿದಳು.

ಎಂಬತ್ತಾರರ ಫೆಬ್ರವರಿಯಲ್ಲಿ ಇಬ್ಬರೂ ಮತ್ತೆ ಮೂರನೇ ತುಂಡಿಗೆ ಹೋದರು. ಹಳ್ಳ ದಾಟುವಾಗಲೇ ವಿಜಯಕುಮಾರಿ ನಿಂತುಬಿಟ್ಟಳು. ಒಳಗಡೆ ಆಕಾಶ ಕಾಣುತ್ತಿತ್ತು. ಅನುಮತಿ ಕೊಟ್ಟದ್ದಕ್ಕಿಂತ ಎರಡರಷ್ಟು ಮರ ಹೋಗಿತ್ತು. ಕಾಲಿಟ್ಟಲ್ಲೆಲ್ಲ ಎಲೆ ಹಪ್ಪಳದಂತೆ ಮುರಿಯುತ್ತಿತ್ತು. ಕಡಿದ ಮರದ ಬುಡವೊಂದರ ಮೇಲೆ ಓಣಾನ್ ಕೂತು, ಗಂಟಲು ಕೆಂಪು ಮಾಡಿಕೊಂಡು ಇವರನ್ನು ನೋಡಿ ತಲೆಯಾಡಿಸಿತು. ಆರು ದಿನ ಎಣಿಸಿದರು. ಮೂವತ್ತು ಚೌಕದಲ್ಲಿ ಒಂಬತ್ತು ಅರಣೆ, ಹದಿನಾಲ್ಕು ಓಣಾನ್.

ಕೊನೆಯ ದಿನ ಆಕೆ ಒಂದು ಬುಡದ ಮೇಲೆ ಕೂತು ಹೇಳಿದಳು. "ನನ್ನ ಲೆಕ್ಕಾಚಾರವೇ ತಪ್ಪು, ಕೃಷ್ಣಸ್ವಾಮಿ. ಎಲ್ಲ ಮುಗಿದ ಮೇಲೆ ಹಲ್ಲಿ ಕಡಿಮೆಯಾಯಿತು ಅಂತ ಹೇಳೋದಕ್ಕೆ ಹಲ್ಲಿ ಯಾಕೆ ಬೇಕು? ಮರ ಹೋದದ್ದು ಯಾರಿಗೂ ಕಾಣುತ್ತೆ. ಜುಲೈಯಲ್ಲೇ ಅವು ಹೇಳಬೇಕಾಗಿತ್ತು. ಹೇಳಲಿಲ್ಲ. ನಾನು ಅವುಗಳನ್ನು ನಂಬಿ ಆ ಕಾಗದ ಬರೆದೆ. ಈ ಮರಗಳನ್ನು ಒಂದು ಲೆಕ್ಕಕ್ಕೆ ನಾನೇ ಕಡಿಸಿದ ಹಾಗಾಯಿತು."

ಕೃಷ್ಣಸಾಮಿ ಹಗ್ಗ ಸುತ್ತುತ್ತಿದ್ದ. ಸುತ್ತಿದ್ದನ್ನು ಬಿಚ್ಚಿ, ಮತ್ತೆ ಸುತ್ತಿದ.

"ಹಲ್ಲಿಗಳಿಂದ ಇದು ಗೊತ್ತಾಗೋದಿಲ್ಲ ಅಂತ ಬರೆದು ಕಳಿಸಿಬಿಡ್ತೀನಿ. ಬೇರೆಯವರು ನನ್ನ ಹಾಗೆ ಮೋಸ ಹೋಗೋದು ಬೇಡ," ಎಂದು ಆಕೆ ಎದ್ದು ಸೀರೆ ಕೊಡವಿಕೊಂಡಳು.

ಅವನು ಸೋಮನೂರಿಗೆ ಬಂದು ತಮ್ಮನ ಶೆಡ್ಡಿನಲ್ಲಿ ನೂಲು ಸುತ್ತಲು ಕೂತ. ಊಟ ಸೇರಲಿಲ್ಲ. ಲಕ್ಷ್ಮಿಯಮ್ಮಾಳ್ ಮಲೆಯ ಜ್ವರ ಮತ್ತೆ ಬಂದಿದೆಯೆಂದು ಕಷಾಯ ಮಾಡಿಕೊಟ್ಟಳು. ಹನ್ನೆರಡನೇ ದಿನ ಬೆಳಿಗ್ಗೆ ಅವನು ಅಂಗಿ ಬದಲಿಸಿ, ಯಾರಿಗೂ ಹೇಳದೆ ಕೊಯಮತ್ತೂರಿನ ಬಸ್ಸು ಹತ್ತಿದ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಕನ್ನಡದಲ್ಲಿ ಜೋಡಿಸಿಕೊಂಡ, ತಮಿಳಿನಲ್ಲಿ ಜೋಡಿಸಿಕೊಂಡ. ಸೂಲೂರು ದಾಟುವಾಗ ಇಳಿದು ಹಿಂದಕ್ಕೆ ಹೋಗಿಬಿಡಲೇ ಎಂದು ಎದ್ದು ನಿಂತ. ಕಂಡಕ್ಟರು "ಎರಂಗಣುಮಾ?" ಎಂದು ಕೇಳಿದಾಗ ಇಲ್ಲವೆಂದು ತಲೆಯಾಡಿಸಿ ಮತ್ತೆ ಕೂತ.

ಕಾಲೇಜಿನ ಹಿಂಬದಿಯ ಕೋಣೆಯಲ್ಲಿ ವಿಜಯಕುಮಾರಿ ಬರೆಯುತ್ತಿದ್ದಳು. ಅವನನ್ನು ಕಂಡು ಮುಖವರಳಿಸಿ ಕುರ್ಚಿ ತೋರಿಸಿದಳು. ಅವನು ಕೂರಲಿಲ್ಲ.

"ಅಮ್ಮಾ, ನಾನು ಆ ಜುಲೈಲಿ ಎಣಿಸ್ಲಿಲ್ಲ," ಎಂದ. "ಏಳೇ ಚೌಕ ಹೋದ್ದು. ಉಳಿದದ್ದೆಲ್ಲ ಪೊಯ್. ಕೋಣೇಲಿ ಕೂತು ಬರ್ದೆ."

ಆಕೆಗೆ ಮೊದಲು ಅರ್ಥವಾಗಲಿಲ್ಲ. "ಏನಂದಿರಿ?"

"ಪೊಯ್ ಅಮ್ಮಾ. ಸುಳ್ಳು. ಇಪ್ಪತ್ಮೂರು ಚೌಕ ಸುಳ್ಳು."

ಫ್ಯಾನು ತಿರುಗುತ್ತಿತ್ತು. ಆಕೆ ಪೆನ್ನಿನ ಮುಚ್ಚಳ ಹಾಕಿದಳು. ಬಯ್ಯುತ್ತಾಳೆ ಎಂದು ಅವನು ಕಾದ, ಬಯ್ದರೆ ಸಾಕು ಎಂದೂ ಕಾದ. ಆಕೆ ಎದ್ದು ಬೀರುವಿನಿಂದ ನೋಟುಬುಕ್ಕು ತೆಗೆದು ಅವನ ಮುಂದಿಟ್ಟಳು. ಒಂದು ಕೆಂಪು ಪೆನ್ಸಿಲ್ಲು ಕೊಟ್ಟಳು.

"ಯಾವ ಯಾವ ಪುಟ, ಗುರುತು ಮಾಡಿ."

ಅವನು ನಿಂತೇ ಒಂದೊಂದು ಪುಟಕ್ಕೂ ಅಡ್ಡ ಗೀಟು ಎಳೆದ. ಮಳೆಹನಿ ತಾಗಿಸಿದ್ದ ಪುಟ ಬಂದಾಗ ಎರಡು ಗೀಟು ಎಳೆದ. ಆಕೆ ಅದನ್ನೂ ನೋಡಿದಳು. ಮೊದಲ ಏಳು ಪುಟಗಳನ್ನು ಅವನು ಗೀಟು ಎಳೆಯದೆ ಬಿಟ್ಟ.

"ಈ ಏಳು ನಿಜವಾ?"

ಆಗಲೂ ಅವನು ಹೂಂ ಎಂದುಬಿಡಬಹುದಿತ್ತು. ಏಳಾದರೂ ತನ್ನವಾಗಿ ಉಳಿಯಲಿ ಎಂಬ ಆಸೆ ಇತ್ತು. ಆದರೆ ಆಕೆ ಕೇಳಿದ ರೀತಿಯಲ್ಲಿ ಅನುಮಾನ ಮೊದಲೇ ಬಂದಾಗಿತ್ತು. ಇಷ್ಟು ದಿನದಲ್ಲಿ ಆಕೆ ಅವನನ್ನು ಹಾಗೆ ಕೇಳಿದ್ದು ಅದೇ ಮೊದಲು.

"ಅದೂ ಇಲ್ಲ ಅಮ್ಮಾ. ಹೋದ್ದು ನಿಜ, ನೋಡಿದ್ದು ನಿಜ. ಆರೇ ಸಿಕ್ಕಿತ್ತು. ಕಮ್ಮಿ ಆಯ್ತಲ್ಲ, ನಾನು ಸರಿಯಾಗಿ ನೋಡ್ಲಿಲ್ಲ ಅಂದ್ಕೋತೀರಿ ಅಂತ... ಜಾಸ್ತಿ ಮಾಡ್ದೆ."

"ಆರು? ಏಳು ಚೌಕಕ್ಕೂ ಸೇರಿ ಆರಾ?"

"ಆಮಾ. ಒಂದು ಓಣಾನ್ ಕೂಡ ಇತ್ತು. ಅದನ್ನ ಬರೀಲೇ ಇಲ್ಲ. ಇದು ಇಲ್ಲೆಲ್ಲಿಂದ ಬಂತು, ದಾರಿ ತಪ್ಪಿ ಬಂದಿರ್ಬೇಕು ಅಂದ್ಕೊಂಡೆ."

ವಿಜಯಕುಮಾರಿ ಕುರ್ಚಿಯ ಮೇಲೆ ಕೂತಳು. ಆ ಏಳು ಪುಟಗಳನ್ನು ಮತ್ತೆ ಒಂದೊಂದಾಗಿ ತಿರುಗಿಸಿದಳು.

"ಹಾಗಾದರೆ ಅವು ಹೇಳಿದ್ದವು," ಎಂದಳು ಕೊನೆಗೆ, ಬಹಳ ಮೆಲ್ಲಗೆ. "ಜುಲೈಯಲ್ಲೇ ಹೇಳಿದ್ದವು. ಹತ್ತು ಹನ್ನೆರಡು ಮರಕ್ಕೇ ಹೇಳಿದ್ದವು." ಆಮೇಲೆ ತಲೆ ಎತ್ತಿ ಅವನನ್ನು ನೋಡಿದಳು. "ಕಣ್ಣೆದುರಿಗೆ ಕಂಡದ್ದನ್ನು ನಂಬದೆ ನೀವು ಅಳಿಸಿಬಿಟ್ಟಿರಿ. ಇಲ್ಲಿ ಇನ್ಯಾರಿಗೂ ಕಾಣದ್ದು ನಿಮಗೆ ಕಂಡಿತ್ತು."

ಅವನಿಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸೋಮಾರಿ ಎಂದಿದ್ದರೆ, ಕಳ್ಳ ಎಂದಿದ್ದರೆ ಇಷ್ಟಾಗುತ್ತಿರಲಿಲ್ಲ.

ಮರುದಿನ ಆಕೆ ಕಚೇರಿಗೆ ಕಾಗದ ಬರೆದಳು. ತನ್ನ ವರದಿಯ ಆ ಭಾಗ ಸುಳ್ಳು ಎಣಿಕೆಯ ಮೇಲೆ ನಿಂತಿದೆ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು. ಅದರಲ್ಲಿ ಕೃಷ್ಣಸಾಮಿಯ ಹೆಸರು ಹಾಕಿರಲಿಲ್ಲ. ಓದಿ ಹೇಳಿದಾಗ ಅವನು ತಾನೇ ಕೇಳಿದ, "ನನ್ನ ಹೆಸ್ರು ಹಾಕಿ ಅಮ್ಮಾ. ಇಲ್ದಿದ್ರೆ ನೀವೇ ಮಾಡ್ದಂಗೆ ಆಗ್ತದೆ." ಕೆಳಗೆ ಒಂದು ಸಾಲು ಬರೆಸಿ ತಮಿಳಿನಲ್ಲಿ ಸಹಿ ಹಾಕಿದ. ಇಬ್ಬರೂ ಸೇರಿ ಅದನ್ನು ಕೊಡಲು ಹೋದಾಗ, ಅಲ್ಲಿನ ಅಧಿಕಾರಿ ಎರಡು ಬಾರಿ ಓದಿ ನಕ್ಕ. "ಹಲ್ಲಿ ಲೆಕ್ಕಕ್ಕೂ ಕ್ಷಮಾಪಣೆಯಾ?" ಎಂದ. ಮೂರನೇ ತುಂಡಿನ ಮರಗಳು ಹೋಗಿದ್ದವು, ಅದಕ್ಕೆ ಯಾರೂ ಏನೂ ಮಾಡುವಂತಿರಲಿಲ್ಲ. ಆದರೆ ಅದೇ ತೋಟದವರು ಎರಡನೇ ತುಂಡಿಗೂ ಅರ್ಜಿ ಹಾಕಿದ್ದರು. ಆ ಕಡತ ಈ ಕಾಗದದ ದೆಸೆಯಿಂದ ನಿಂತಿತು. ಎಷ್ಟು ಕಾಲ ಎಂದು ಯಾರೂ ಹೇಳಲಿಲ್ಲ. ವಿಜಯಕುಮಾರಿಗೆ ಬರಬೇಕಿದ್ದ ಡಾಕ್ಟರೇಟು ಎರಡು ವರ್ಷ ಮುಂದಕ್ಕೆ ಹೋಯಿತು. ಒಬ್ಬ ಕೂಲಿಯವನನ್ನು ನಂಬಿ ವಿಜ್ಞಾನ ಮಾಡುವುದುಂಟೇ ಎಂದು ಆಕೆಯ ಮೇಲಿನವರು ಸಭೆಯಲ್ಲಿ ಕೇಳಿದರಂತೆ. ಆಕೆ ಇದನ್ನು ಅವನಿಗೆ ಹೇಳಲಿಲ್ಲ. ಬೇರೆಯವರಿಂದ ಅವನ ಕಿವಿಗೆ ಬಿತ್ತು.

ಮನೆಯಲ್ಲಿ ಹೇಳುವುದು ಇನ್ನೂ ಕಷ್ಟವಾಯಿತು. ಲಕ್ಷ್ಮಿಯಮ್ಮಾಳ್ "ಅಯ್ಯೋ, ಜ್ವರದಲ್ಲಿ ಏನ್ ಮಾಡ್ತಿದ್ರಿ" ಎಂದಳು. ಜ್ವರ ಮೂರೇ ದಿನ ಎಂದು ಅವನು ಬಿಡಿಸಿ ಹೇಳಿದ. ಜಗಲಿಯಲ್ಲಿ ನಿಂತು ಬೀದಿಗೆಲ್ಲ ಓದಿದವಳು ಸಾಂತಿ. ಎರಡು ದಿನ ಅಪ್ಪನಿಗೆ ತಾಟು ಹಾಕುವಾಗ ಮುಖ ನೋಡಲಿಲ್ಲ. ಮೂರನೇ ದಿನ ಕೇಳಿದಳು, "ಎಲ್ಲಾರ್ಗೂ ನಾನೇ ಹೋಗಿ ಹೇಳ್ಬೇಕಾಪ್ಪಾ, ನೀನೇ ಹೇಳ್ತೀಯಾ?" ಅವನು ತಮ್ಮನ ಶೆಡ್ಡಿಗೆ ಹೋಗಿ, ಮಗ್ಗಗಳ ಸದ್ದಿನ ಮೇಲೆ ಕೂಗಿ ಕೂಗಿ ಹೇಳಿದ. ಅರ್ಧ ಜನಕ್ಕೆ ಕೇಳಿಸಲಿಲ್ಲ, ಮತ್ತೆ ಹೇಳಬೇಕಾಯಿತು.

ಜೂನಿನಲ್ಲಿ ವಿಜಯಕುಮಾರಿಯಿಂದ ಕಾಗದ ಬಂತು. ಎಣಿಕೆಗೆ ಬನ್ನಿ ಎಂದಿತ್ತು. ಬರಬೇಡಿ ಎಂದಿದ್ದರೆ ಸುಲಭವಿತ್ತು. ಅವನು ಹೋದ. ಆ ಮಳೆಗಾಲ ಪೂರ್ತಿ ಆಕೆ ಅವನು ನೋಡಿ ಮುಗಿಸಿದ ಪ್ರತಿ ಚೌಕವನ್ನೂ ಇನ್ನೊಮ್ಮೆ ತಾನೇ ತೆವಳಿ ನೋಡಿದಳು. ಜಿಗಣೆ ಕಿತ್ತು ಎಸೆಯುತ್ತಾ, ಅವನು ಎತ್ತಿದ ಎಲೆಯನ್ನು ಮತ್ತೆ ಎತ್ತುತ್ತಾ. ಅವನು ಹಗ್ಗದ ಹೊರಗೆ ಮಳೆಯಲ್ಲಿ ನಿಂತು ಕಾಯುತ್ತಿದ್ದ. ತಾನು ನೇಯ್ದದ್ದನ್ನು ಮತ್ತೊಬ್ಬರು ಎಳೆ ಎಳೆಯಾಗಿ ಬಿಚ್ಚಿ ನೋಡುವುದನ್ನು ನಿಂತು ನೋಡುವ ಹಾಗಿತ್ತು. ಮೂರನೇ ತುಂಡಿನ ಬಹುಪಾಲು ಚೌಕಗಳು ಖಾಲಿಯಿದ್ದವು. ಅವನು ಸೊನ್ನೆ ಬರೆದ, ಆಕೆ ನೋಡಿ ತಲೆಯಾಡಿಸಿದಳು, ಮುಂದಿನ ಚೌಕಕ್ಕೆ ಹೋದರು.

ಮುಂದಿನ ವರ್ಷ ಆಕೆ ಹಾಗೆ ಎರಡನೇ ಬಾರಿ ನೋಡುವುದನ್ನು ಬಿಟ್ಟಳು. "ಬಿಡ್ಬೇಡಿ, ನೋಡಿ ಅಮ್ಮಾ," ಎಂದು ಅವನೇ ಕೇಳಿದ. ಆಕೆ ಒಪ್ಪಲಿಲ್ಲ. ಆಮೇಲೆ ಅವನು ತಾನೇ ಪ್ರತಿ ಚೌಕವನ್ನೂ ಎರಡು ಬಾರಿ ನೋಡತೊಡಗಿದ. ಕೆಲಸ ನಿಧಾನವಾಯಿತು, ಯಾರೂ ಅದಕ್ಕೆ ಏನೂ ಅನ್ನಲಿಲ್ಲ.

ಎಂಬತ್ತೊಂಬತ್ತರ ತನಕ ಅವನು ಮಲೆಯಲ್ಲಿದ್ದ. ಅಷ್ಟರಲ್ಲಿ ವಿಜಯಕುಮಾರಿಯ ಕೈಕೆಳಗೆ ಓದುವವರು ನಾಲ್ಕೈದು ಮಂದಿ ಸೇರಿದ್ದರು. ಹೊಸಬರು ಬಂದ ಮೊದಲ ದಿನವೇ, ಹಗ್ಗ ಕಟ್ಟುವುದನ್ನು ಕಲಿಸುವ ಮೊದಲು, ಕೃಷ್ಣಸಾಮಿ ಅವರನ್ನು ಕೂರಿಸಿಕೊಂಡು ತಾನು ಮಾಡಿದ್ದನ್ನು ಹೇಳುತ್ತಿದ್ದ: ಏಳು ಚೌಕ, ಆರು ಅರಣೆ, ಬರೆಯದೆ ಬಿಟ್ಟ ಒಂದು ಓಣಾನ್. ಹೇಳಿ ಹೇಳಿ ಅಭ್ಯಾಸವಾಗಿ ಹಗುರಾಗಬಹುದು ಎಂದು ಅವನು ಎಣಿಸಿದ್ದ. ಹಾಗಾಗಲಿಲ್ಲ. ಒಮ್ಮೆ ಮದುರೆ ಕಡೆಯ ಹುಡುಗಿಯೊಬ್ಬಳು ಕೇಳುತ್ತಾ ಕೇಳುತ್ತಾ ನಕ್ಕಳು. ಇಷ್ಟು ಸಣ್ಣ ವಿಷಯಕ್ಕಾ ಎಂದಳು. ಕೃಷ್ಣಸಾಮಿ ಅವಳನ್ನು ಹಳ್ಳದ ಆಚೆ ಕರೆದುಕೊಂಡು ಹೋಗಿ, ಬಿಸಿಲು ಬಿದ್ದ ಆ ಮೂರನೇ ತುಂಡಿನಲ್ಲಿ ಒಂದು ಚೌಕಕ್ಕೆ ಹಗ್ಗ ಕಟ್ಟಿ, "ನೋಡು" ಎಂದ.